ವಿಐ ಮತ್ತು ಈಮ್ಯಾಕ್ಸ್: ಎರಡು ಪಾಳೆಯಗಳ ಚರಿತ್ರೆ

ಪ್ರೋಗ್ರಾಮ್ ಬರೆಯುವವರ ದಿನದ ಬಹುಪಾಲು ಬರೆದದ್ದನ್ನು ತಿದ್ದುವುದರಲ್ಲೇ ಕಳೆಯುತ್ತದೆ. ಒಂದು ಸಾಲನ್ನು ಅಳಿಸಬೇಕು, ಇನ್ನೊಂದನ್ನು ಮೇಲಕ್ಕೆ ಸರಿಸಬೇಕು, ಎಲ್ಲೋ ತಪ್ಪಿಹೋದ ಒಂದು ಚಿಹ್ನೆಯನ್ನು ಹುಡುಕಿ ಸರಿಪಡಿಸಬೇಕು. ಈ ಕೆಲಸಕ್ಕೆ ಅವರ ಕೈಯಲ್ಲಿರುವ ಸಲಕರಣೆಯೇ ಎಡಿಟರ್. 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಎರಡು ಕರಾವಳಿಗಳಲ್ಲಿ ಅಂಥ ಎರಡು ಸಲಕರಣೆಗಳು ಹುಟ್ಟಿದವು. ಪೂರ್ವದಲ್ಲಿ, ಕೇಂಬ್ರಿಜ್ ನಗರದ ಎಂಐಟಿಯಲ್ಲಿ ಈಮ್ಯಾಕ್ಸ್. ಪಶ್ಚಿಮದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ವಿಐ. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಪ್ರಯೋಗಾಲಯಗಳಲ್ಲಿ ಹೊತ್ತಿಕೊಂಡು, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿ, ಅದರಲ್ಲಿ ತೊಡಗಿದವರೇ ‘ಧರ್ಮಯುದ್ಧ’ ಎಂದು ಕರೆಯುವಷ್ಟು ಬೆಳೆಯಿತು.

ಆ ವಾದದ ಬೇರು ಹಿಡಿದು ಹೋದರೆ ಎರಡು ಬಗೆಯ ಬಾಳು ಕಾಣುತ್ತದೆ. ಒಂದು ಕಡೆ ಕೊರತೆ ಕಲಿಸಿದ ಮಿತವ್ಯಯ, ಇನ್ನೊಂದು ಕಡೆ ಸಮೃದ್ಧಿ ಕಲಿಸಿದ ಸ್ವಾತಂತ್ರ್ಯ. ಎರಡೂ ಪಾಳೆಯಗಳು ತಮಗೆ ಸಿಕ್ಕ ಯಂತ್ರಕ್ಕೆ ತಕ್ಕಂತೆ ಕೈಯನ್ನು ಪಳಗಿಸಿದವು. ಯಂತ್ರಗಳು ಅಳಿದ ಮೇಲೂ ಆ ಪಳಗಿದ ಕೈಗಳು ಉಳಿದವು.

ಕಾಗದದ ಕಾಲ

ಪರದೆಗಳು ಬರುವ ಮೊದಲು ಕಂಪ್ಯೂಟರ್ ಮನುಷ್ಯರೊಡನೆ ಕಾಗದದ ಮೇಲೆ ಮಾತಾಡುತ್ತಿತ್ತು. ಟೆಲಿಟೈಪ್ ಮಾಡೆಲ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರದಂತೆ, ಕೋಣೆ ತುಂಬ ಸದ್ದು ಮಾಡುತ್ತ, ಸುರುಳಿ ಕಾಗದದ ಮೇಲೆ ಉತ್ತರವನ್ನು ಒತ್ತುತ್ತಿತ್ತು. ಪ್ರೋಗ್ರಾಮುಗಳನ್ನು ತೂತು ಕೊರೆದ ಕಾಗದದ ಪಟ್ಟಿಗಳಲ್ಲಿ ಕಾಪಿಡುತ್ತಿದ್ದರು. ಆ ಪಟ್ಟಿಗಳನ್ನು ತಿದ್ದಲೆಂದು 1962ರ ಸುಮಾರಿಗೆ ಎಂಐಟಿಯ ಡ್ಯಾನ್ ಮರ್ಫಿ ಪಿಡಿಪಿ-1 ಯಂತ್ರಕ್ಕಾಗಿ ಟೀಕೋ ಎಂಬ ಎಡಿಟರ್ ಬರೆದರು. ಅದರಲ್ಲಿ ಒಂದೊಂದು ಅಕ್ಷರವೂ ಒಂದು ಆಜ್ಞೆ. ಆಜ್ಞೆಗಳನ್ನು ಸಾಲಾಗಿ ಪೋಣಿಸಿದರೆ ಅದೇ ಒಂದು ಪುಟ್ಟ ಪ್ರೋಗ್ರಾಮ್ ಆಗುತ್ತಿತ್ತು. ಈ ಗುಣದಿಂದಲೇ ಮುಂದೆ ಈಮ್ಯಾಕ್ಸ್ ಮೊಳೆಯಿತು.

ವಿಐಯ ವಂಶ ಬೇರೆ. 1960ರ ದಶಕದ ನಡುವೆ ಬರ್ಕ್ಲಿಯಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಪೀಟರ್ ಡಾಯ್ಚ್ ಕ್ಯೂಇಡಿ ಎಂಬ ಎಡಿಟರ್ ಕಟ್ಟಿದರು. ಅಲ್ಲಿ ಓದಿ ಬೆಲ್ ಪ್ರಯೋಗಾಲಯ ಸೇರಿದ ಕೆನ್ ಥಾಂಪ್ಸನ್ ಅದನ್ನು ಹೊಸದಾಗಿ ಬರೆದು, ಅಕ್ಷರವಿನ್ಯಾಸಗಳನ್ನು ಸೂತ್ರರೂಪದಲ್ಲಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ವಿಧಾನವನ್ನು ಅದಕ್ಕೆ ಸೇರಿಸಿದರು. 1969ರಲ್ಲಿ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ, 18 ಬಿಟ್‌ಗಳ 8 ಸಾವಿರ ಕೋಶಗಳಷ್ಟೇ ನೆನಪಿದ್ದ ಪಿಡಿಪಿ-7 ಯಂತ್ರದ ಮೇಲೆ ಅವರು ಯುನಿಕ್ಸ್ ಕಟ್ಟಲು ಹೊರಟಾಗ ಮೊದಲು ಬರೆದ ಕೆಲವೇ ಭಾಗಗಳಲ್ಲಿ ಎಡಿಟರೂ ಒಂದು. ಅದರ ಹೆಸರು ಎಡ್. ಹೊಸ ವ್ಯವಸ್ಥೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕಾದರೆ ಅದನ್ನು ಅದರೊಳಗೇ ಕುಳಿತು ತಿದ್ದುವ ದಾರಿ ಇರಬೇಕು. ಎಡ್ ಆ ದಾರಿಯಾಯಿತು.

ಎಡ್ ಮಿತಭಾಷಿ. ತಪ್ಪು ಆಜ್ಞೆ ಕೊಟ್ಟವರಿಗೆ ಅದು ತೋರಿಸುತ್ತಿದ್ದುದು ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಸೆಕೆಂಡಿಗೆ ಹತ್ತೇ ಅಕ್ಷರ ಒತ್ತುವ ಯಂತ್ರದ ಮುಂದೆ ಕುಳಿತವರಿಗೆ ಉದ್ದದ ವಿವರಣೆ ಹೊರೆಯಾಗುತ್ತಿತ್ತು. ಕಡತದ ಯಾವ ಭಾಗವೂ ಕಣ್ಣ ಮುಂದೆ ಇರುತ್ತಿರಲಿಲ್ಲ. ಬೇಕಾದ ಸಾಲನ್ನು ಕೇಳಿ ಒತ್ತಿಸಿಕೊಳ್ಳಬೇಕು, ಇಂಥ ಮಾತಿಗೆ ಬದಲು ಇಂಥದ್ದು ಎಂದು ಆಜ್ಞಾಪಿಸಬೇಕು, ಉಳಿದದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಕಡತದ ಉದ್ದಗಲಕ್ಕೂ ಒಂದು ವಿನ್ಯಾಸವನ್ನು ಹುಡುಕಿ ಆ ಸಾಲುಗಳನ್ನು ಒತ್ತುವ ಎಡ್‌ನ ಆಜ್ಞೆಯೇ ಬೇರ್ಪಟ್ಟು ಗ್ರೆಪ್ ಎಂಬ ಸ್ವತಂತ್ರ ಸಾಧನವಾಯಿತು. ಸಣ್ಣ ಸಾಧನ, ಒಂದೇ ಕೆಲಸ, ಕಡಿಮೆ ಮಾತು: ಯುನಿಕ್ಸ್‌ನ ಈ ಶೀಲ ಎಡಿಟರಿನಲ್ಲೇ ಮೊದಲು ಗಟ್ಟಿಯಾಯಿತು ಎನ್ನಬಹುದು.

ಬರ್ಕ್ಲಿಯ ಬಡ ಪರದೆ

ಗಾಜಿನ ಪರದೆಯ ಟರ್ಮಿನಲ್‌ಗಳು ಬಂದವು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಜಾರ್ಜ್ ಕೌಲೂರಿಸ್, ಎಡ್ ಅನ್ನು ಪರದೆಗೆ ಒಗ್ಗಿಸಿ ‘ಎಮ್’ ಎಂಬ ಎಡಿಟರ್ ಮಾಡಿದರು. ಸಾಮಾನ್ಯ ಮನುಷ್ಯರಿಗಾಗಿ ಮಾಡಿದ ಎಡಿಟರ್ ಎಂಬ ಭಾವ ಆ ಹೆಸರಿನಲ್ಲೇ ಇತ್ತು. ಕೌಲೂರಿಸ್ ನೆನಪಿಸಿಕೊಂಡಂತೆ, ಅದನ್ನು ನೋಡಿದ ಥಾಂಪ್ಸನ್, ತಿದ್ದುವಾಗ ಕಡತದ ಸ್ಥಿತಿಯನ್ನು ಕಣ್ಣಿಂದ ನೋಡುವ ಅಗತ್ಯ ತಮಗಿಲ್ಲ ಎಂದರಂತೆ. ಕಾಗದದ ಕಾಲದಲ್ಲಿ ಪಳಗಿದ ಮನಸ್ಸಿನ ದೃಢತೆ ಅದು. ಮುಂದೆ ನಡೆದ ಎಲ್ಲ ವಾದಗಳ ಮೊದಲ ಸೊಲ್ಲನ್ನು ಇಲ್ಲಿಯೇ ಕೇಳಬಹುದು.

1976ರ ಬೇಸಗೆಯಲ್ಲಿ ಕೌಲೂರಿಸ್ ಬರ್ಕ್ಲಿಗೆ ಬಂದರು. ಅಲ್ಲಿ ಬಿಲ್ ಜಾಯ್ ಮತ್ತು ಚಕ್ ಹೇಲಿ ಎಂಬ ವಿದ್ಯಾರ್ಥಿಗಳು ಪ್ಯಾಸ್ಕಲ್ ಭಾಷೆಯ ವ್ಯವಸ್ಥೆಯೊಂದನ್ನು ಸುಧಾರಿಸುತ್ತ, ಎಡ್‌ನೊಡನೆ ಹೆಣಗಿ ಬೇಸತ್ತಿದ್ದರು. ಎಮ್ ಅವರ ಕಣ್ಣು ತೆರೆಸಿತು. ಅದನ್ನು ತಿದ್ದಿ ಬೆಳೆಸಿ ‘ಎಕ್ಸ್’ ಎಂಬ ಎಡಿಟರ್ ಮಾಡಿದರು; 1978ರ ಮಾರ್ಚ್‌ನಲ್ಲಿ ಹೊರಬಂದ ಬರ್ಕ್ಲಿ ಯುನಿಕ್ಸ್‌ನ ಮೊದಲ ಟೇಪಿನಲ್ಲಿ ಅದಿತ್ತು. ಎಕ್ಸ್‌ಗೆ ಜಾಯ್ ಸೇರಿಸಿದ ಪರದೆಯ ರೂಪವೇ ವಿಐ. 1979ರ ಎರಡನೆಯ ಟೇಪಿನೊಡನೆ ಅದು ಲೋಕಕ್ಕೆ ಹರಡಿತು.

ಜಾಯ್ ಅವರ ಪರದೆ ಬಡವಾಗಿತ್ತು. ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್, ಆ ಕಾಲದ ಅಗ್ಗದ ಸರಕು. ತಮ್ಮ ಎಡಿಟರ್ 300 ಬಾಡ್ ಮೋಡೆಮ್ ಮೇಲೂ ನಡೆಯಬೇಕೆಂದು ಪಟ್ಟ ಪಾಡನ್ನು ಜಾಯ್ ಮುಂದೆ ಹೇಳಿಕೊಂಡಿದ್ದಾರೆ. 300 ಬಾಡ್ ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಪರದೆಯನ್ನು ತುಂಬಲು 1,920 ಅಕ್ಷರ ಬೇಕು. ಪೂರ್ತಿ ಪರದೆಯನ್ನು ಒಮ್ಮೆ ಹೊಸದಾಗಿ ಬರೆಸಿಕೊಳ್ಳುವುದಕ್ಕೆ ಒಂದು ನಿಮಿಷಕ್ಕೂ ಮಿಕ್ಕಿದ ಕಾಲ! ಆದ್ದರಿಂದ ಒಂದೊಂದು ಒತ್ತಿಗೂ ಬೆಲೆ ಬಂತು.

ಆ ಬಡತನದಿಂದ ಜಾಯ್ ಒಂದು ವ್ಯಾಕರಣವನ್ನೇ ಕಟ್ಟಿದರು. ಕೀಲಿಮಣೆಗೆ ಎರಡು ಸ್ಥಿತಿಗಳು. ಒಂದರಲ್ಲಿ ಒತ್ತಿದ ಅಕ್ಷರ ಬರಹವಾಗುತ್ತದೆ, ಇನ್ನೊಂದರಲ್ಲಿ ಅದೇ ಅಕ್ಷರ ಆಜ್ಞೆಯಾಗುತ್ತದೆ. ‘ಡಿ’ ಎಂದರೆ ಅಳಿಸು, ‘ಡಬ್ಲ್ಯು’ ಎಂದರೆ ಮುಂದಿನ ಶಬ್ದಕ್ಕೆ ಹೋಗು; ಎರಡೂ ಕೂಡಿದರೆ ಒಂದು ಶಬ್ದ ಮಾಯ. ಮುಂದೆ 3 ಎಂಬ ಅಂಕಿ ಸೇರಿದರೆ ಮೂರು ಶಬ್ದ. ಹೀಗೆ ಕ್ರಿಯೆ, ಚಲನೆ, ಸಂಖ್ಯೆ ಎಂಬ ಕೆಲವೇ ಧಾತುಗಳಿಂದ ಅಸಂಖ್ಯ ವಾಕ್ಯಗಳು ಹುಟ್ಟಿದವು. ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚು ಹಾಕಿದ್ದರು. ವಿಐ ಬಳಸುವವರ ಬೆರಳುಗಳು ಇಂದಿಗೂ ಆ ನಾಲ್ಕು ಕೀಲಿಗಳ ಮೇಲೆಯೇ ನಡೆದಾಡುತ್ತವೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳಿಸುವ ಎಸ್ಕೇಪ್ ಕೀಲಿಯೂ ಆ ಕೀಲಿಮಣೆಯಲ್ಲಿ ಎಡ ಕಿರುಬೆರಳಿಗೆ ಹತ್ತಿರದಲ್ಲೇ ಇತ್ತು.

ಒಂಬತ್ತನೆಯ ಮಹಡಿಯ ಸಮೃದ್ಧಿ

ಅದೇ ವರ್ಷಗಳಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಕಥೆ ಬೇರೆಯೇ ಇತ್ತು. ಟೆಕ್ನಾಲಜಿ ಸ್ಕ್ವೇರ್ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ಪಿಡಿಪಿ-10 ಯಂತ್ರ, ಅಲ್ಲಿನವರೇ ಬರೆದ ಐಟಿಎಸ್ ವ್ಯವಸ್ಥೆ, ಯಂತ್ರಕ್ಕೆ ನೇರವಾಗಿ ಬೆಸೆದ ವೇಗದ ಪರದೆಗಳು. ಯಾರ ಕಡತವನ್ನು ಯಾರಾದರೂ ತೆರೆದು ನೋಡಬಹುದು, ಯಾರ ಪ್ರೋಗ್ರಾಮನ್ನು ಯಾರಾದರೂ ತಿದ್ದಿ ಉತ್ತಮಗೊಳಿಸಬಹುದು. ಅಡೆತಡೆಯಿಲ್ಲದ ಈ ವಾತಾವರಣದಲ್ಲಿ ಟೀಕೋ ಬೆಳೆಯುತ್ತಲೇ ಹೋಯಿತು. 1972ರಲ್ಲಿ ಕಾರ್ಲ್ ಮಿಕೆಲ್ಸನ್ ಅದಕ್ಕೆ ಪರದೆಯ ಮೇಲೆ ಕಂಡಂತೆ ತಿದ್ದುವ ವಿಧಾನವನ್ನು ಸೇರಿಸಿದರು. ರಿಚರ್ಡ್ ಸ್ಟಾಲ್‌ಮನ್ ಸ್ಟ್ಯಾನ್‌ಫರ್ಡ್‌ಗೆ ಹೋದಾಗ ಅಲ್ಲಿನ ‘ಇ’ ಎಂಬ ಎಡಿಟರನ್ನು ಕಂಡು ಬಂದು, ಆ ವಿಧಾನವನ್ನು ಚುರುಕುಗೊಳಿಸಿದರು. ಜೊತೆಗೆ ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ಬಳಸುವವರೇ ನಿರ್ಧರಿಸಿ ಬರೆದುಕೊಳ್ಳುವ ಅನುಕೂಲವನ್ನೂ ಮಾಡಿದರು.

ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ಗೊಂದಲವೂ ಬಂತು. ಪ್ರತಿಯೊಬ್ಬರೂ ತಮ್ಮದೇ ಆಜ್ಞಾಸಮೂಹ ಕಟ್ಟಿಕೊಂಡರು. ಒಬ್ಬರ ಟರ್ಮಿನಲ್ ಮುಂದೆ ಇನ್ನೊಬ್ಬರು ಕುಳಿತರೆ ಯಾವ ಕೀಲಿ ಏನು ಮಾಡೀತೆಂದು ತಿಳಿಯದಾಯಿತು. 1976ರಲ್ಲಿ ಗೈ ಸ್ಟೀಲ್ ಈ ಎಲ್ಲ ಬಗೆಗಳನ್ನು ಒಂದುಗೂಡಿಸುವ ಕೆಲಸಕ್ಕೆ ಇಳಿದರು. ಡೇವಿಡ್ ಮೂನ್ ಮೊದಲಾದವರು ಕೈಗೂಡಿಸಿದರು, ಸ್ಟಾಲ್‌ಮನ್ ಅದನ್ನು ಪೂರ್ಣಗೊಳಿಸಿದರು. ಎಡಿಟಿಂಗ್ ಮ್ಯಾಕ್ರೋಗಳ, ಅಂದರೆ ಪೋಣಿಸಿಟ್ಟ ಟೀಕೋ ಆಜ್ಞೆಗಳ, ಆ ಸಂಗ್ರಹವೇ ಈಮ್ಯಾಕ್ಸ್. ಕಮ್ಮಾರ ತನ್ನ ಕುಲುಮೆಯಲ್ಲಿ ತನ್ನ ಸುತ್ತಿಗೆಯನ್ನೂ ತಾನೇ ಬಡಿದುಕೊಳ್ಳುವಂತೆ, ಈಮ್ಯಾಕ್ಸ್ ಬಳಸುವವರು ಅದನ್ನು ಬಳಸುತ್ತಲೇ ಹೊಸದಾಗಿ ರೂಪಿಸಬಹುದಿತ್ತು. ಅದರ ಮೇಲೆ ಸ್ಟಾಲ್‌ಮನ್ ಒಂದು ನಿಯಮ ಇಟ್ಟರು: ಪ್ರತಿ ಪಡೆದವರು ತಾವು ಮಾಡಿದ ಸುಧಾರಣೆಗಳನ್ನು ಮರಳಿ ಎಲ್ಲರಿಗೂ ಕೊಡಬೇಕು.

ಈ ನಿಯಮ ಒಡೆದ ಗಳಿಗೆಯಿಂದ ಇನ್ನೊಂದು ಇತಿಹಾಸ ಆರಂಭವಾಯಿತು. 1981ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಗಾಸ್ಲಿಂಗ್, ಮುಂದೆ ಜಾವಾ ಭಾಷೆಯ ಜನಕರೆನಿಸಿದವರು, ಯುನಿಕ್ಸ್‌ಗಾಗಿ ಸಿ ಭಾಷೆಯಲ್ಲಿ ಒಂದು ಈಮ್ಯಾಕ್ಸ್ ಬರೆದರು. ಮೊದಲು ಅದು ಕೈಯಿಂದ ಕೈಗೆ ಮುಕ್ತವಾಗಿ ಹರಿದಾಡಿತು. ಆಮೇಲೆ ಅದರ ಹಕ್ಕು ಯುನಿಪ್ರೆಸ್ ಎಂಬ ಕಂಪನಿಯ ಪಾಲಾಯಿತು. ಸ್ಟಾಲ್‌ಮನ್ ಅಷ್ಟರಲ್ಲಿ, 1983ರ ಸೆಪ್ಟೆಂಬರ್ 27ರಂದು, ಎಲ್ಲರೂ ಮುಕ್ತವಾಗಿ ಹಂಚಿಕೊಳ್ಳಬಹುದಾದ ಯುನಿಕ್ಸ್ ಮಾದರಿಯ ವ್ಯವಸ್ಥೆ ಕಟ್ಟುವ ಗ್ನೂ ಯೋಜನೆಯನ್ನು ಸಾರಿದ್ದರು. 1984ರಲ್ಲಿ ಅವರು ಬರೆಯತೊಡಗಿದ ಗ್ನೂ ಈಮ್ಯಾಕ್ಸ್‌ನಲ್ಲಿ ಗಾಸ್ಲಿಂಗ್ ಅವರ ಕೆಲವು ಭಾಗಗಳಿದ್ದವು. ಕಂಪನಿ ಆಕ್ಷೇಪಿಸಿದಾಗ ಆ ಭಾಗಗಳನ್ನು ತೆಗೆದು ತಾವೇ ಬರೆದರು. ಒಳಗೆ ಲಿಸ್ಪ್ ಭಾಷೆಯ ಪೂರ್ಣ ಶಕ್ತಿಯನ್ನು ತುಂಬಿದರು. 1985ರಿಂದ ಟೇಪೊಂದಕ್ಕೆ 150 ಡಾಲರ್‌ನಂತೆ ಕಳಿಸುತ್ತ, ಪಡೆದವರು ಅದನ್ನು ಬೇಕಾದವರಿಗೆ ಹಂಚಬಹುದೆಂದರು. ಈಮ್ಯಾಕ್ಸ್‌ಗೆಂದು ಬರೆದ ಆ ಹಂಚಿಕೆಯ ಕರಾರೇ ಪರಿಷ್ಕಾರಗೊಂಡು 1989ರಲ್ಲಿ ಜಿಪಿಎಲ್ ಎಂಬ ಸಾರ್ವತ್ರಿಕ ಪರವಾನಗಿಯಾಯಿತು. ಲಿನಕ್ಸ್ ತಿರುಳು ಇಂದು ಅದೇ ಪರವಾನಗಿಯ ಆಸರೆಯಲ್ಲಿದೆ.

ವಾದದ ಕಣ

1980ರ ದಶಕದಲ್ಲಿ ಇವೆರಡೂ ಒಂದೇ ಯುನಿಕ್ಸ್ ಯಂತ್ರದ ಮೇಲೆ ಎದುರಾದವು. ವಾದ ಬಿಸಿಯೇರಿತು.

ವಿಐ ಪಾಳೆಯದವರು ಹೇಳಿದರು: ಒಂದು ಯಂತ್ರವನ್ನು ಹತ್ತಾರು ಮಂದಿ ಹಂಚಿಕೊಳ್ಳುವಲ್ಲಿ ಎಡಿಟರ್ ಹಗುರಾಗಿರಬೇಕು. ಕರೆದ ಕ್ಷಣ ತೆರೆಯಬೇಕು, ಕೆಲಸ ಮುಗಿದೊಡನೆ ಸರಿಯಬೇಕು. ವಿಂಗಡಿಸಲು, ಹುಡುಕಲು, ಎಣಿಸಲು ಯುನಿಕ್ಸ್‌ನಲ್ಲಿ ಬೇರೆ ಸಾಧನಗಳಿವೆ. ಎಡಿಟರ್ ಅವುಗಳನ್ನು ಕರೆದು ಕೆಲಸ ಹೇಳಿದರೆ ಸಾಕು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಊರಿನ ಯಾವ ಯುನಿಕ್ಸ್ ಯಂತ್ರದ ಮುಂದೆ ಕುಳಿತರೂ ವಿಐ ಅಲ್ಲಿ ಇರುತ್ತದೆ. ಈಮ್ಯಾಕ್ಸ್‌ನ ಭಾರವನ್ನು ಅವರು ಎಂಟು ಮೆಗಾಬೈಟ್ ಎಂದು ಎತ್ತಿ ಆಡಿದರು. ಆ ಕಾಲಕ್ಕೆ ಅದು ಇಡೀ ವಿಭಾಗದ ಯಂತ್ರವೊಂದರ ನೆನಪನ್ನೇ ನುಂಗಬಲ್ಲ ಗಾತ್ರ.

ಈಮ್ಯಾಕ್ಸ್ ಪಾಳೆಯದವರು ಉತ್ತರಿಸಿದರು: ಯಂತ್ರದ ನೆನಪು ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತದೆ, ಮನುಷ್ಯನ ಆಯುಷ್ಯ ಅಗ್ಗವಾಗುವುದಿಲ್ಲ. ಪತ್ರ ಓದುವುದು, ಪ್ರೋಗ್ರಾಮ್ ಕಂಪೈಲ್ ಮಾಡುವುದು, ದೋಷ ಹುಡುಕುವುದು, ಕಡತಗಳನ್ನು ಜೋಡಿಸುವುದು, ಎಲ್ಲವೂ ಒಂದೇ ಕಡೆ, ಒಂದೇ ಬಗೆಯ ಕೀಲಿಗಳಿಂದ ಆಗುವುದಾದರೆ ಮನಸ್ಸು ಚೆದರುವುದಿಲ್ಲ. ಯಾವ ಆಜ್ಞೆ ಏನು ಮಾಡುತ್ತದೆಂದು ಎಡಿಟರನ್ನೇ ಕೇಳಿದರೆ ಅದೇ ಹೇಳುತ್ತದೆ. ಅದರ ನಡತೆ ಹಿಡಿಸದಿದ್ದರೆ ಲಿಸ್ಪ್‌ನಲ್ಲಿ ನಾಲ್ಕು ಸಾಲು ಬರೆದು ಬದಲಿಸಿಕೊಳ್ಳಬಹುದು.

ಕೈಯ ವಿಷಯದಲ್ಲೂ ವಾದ ನಡೆಯಿತು. ಎಂಐಟಿಯ ಕೀಲಿಮಣೆಗಳಲ್ಲಿ ಕಂಟ್ರೋಲ್, ಮೆಟಾ ಎಂಬ ಜೊತೆಗೀಲಿಗಳು ಹೆಬ್ಬೆರಳ ಬಳಿ ಇದ್ದವು. ಈಮ್ಯಾಕ್ಸ್‌ನ ಆಜ್ಞೆಗಳು ಅಲ್ಲಿ ಸಹಜವಾಗಿದ್ದವು. ಸಾಮಾನ್ಯ ಕೀಲಿಮಣೆಗೆ ಬಂದಾಗ ಆ ಹೊರೆ ಕಿರುಬೆರಳ ಮೇಲೆ ಬಿತ್ತು, ಹಲವರಿಗೆ ನೋವಾಯಿತು. ವಿಐಯ ಎರಡು ಸ್ಥಿತಿಗಳ ಮೇಲೂ ಗಂಭೀರ ಆಕ್ಷೇಪವಿತ್ತು. ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಲ್ಯಾರಿ ಟೆಸ್ಲರ್, ಒಂದೇ ಕೀಲಿ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಅರ್ಥ ಕೊಡಬಾರದೆಂದು ಜೀವನವಿಡೀ ಸಾರಿದವರು. ತಮ್ಮ ಕಾರಿನ ನಂಬರ್ ಫಲಕದಲ್ಲೂ ‘ನೋ ಮೋಡ್ಸ್’ ಎಂದೇ ಬರೆಸಿದ್ದರು. ಅವರೂ ಟಿಮ್ ಮಾಟ್ ಅವರೂ 1970ರ ದಶಕದ ನಡುವೆ ಕಟ್ಟಿದ ಜಿಪ್ಸಿ ಎಡಿಟರಿನಲ್ಲಿ ಒತ್ತಿದ ಅಕ್ಷರ ಯಾವಾಗಲೂ ಅಕ್ಷರವೇ. ಇಂದು ಜನಸಾಮಾನ್ಯರು ಬಳಸುವ ಕಟ್-ಪೇಸ್ಟ್ ಪದ್ಧತಿ ಆ ಪರಂಪರೆಯದು. ಹೊಸಬರಿಗೆ ಟೆಸ್ಲರ್ ಮಾತು ಸರಿ. ದಿನಕ್ಕೆ ಎಂಟು ಗಂಟೆ ತಿದ್ದುತ್ತ ಕೂರುವವರಿಗೆ ಜಾಯ್ ವ್ಯಾಕರಣದ ಸಾಂದ್ರತೆಗೆ ಸಾಟಿಯಿಲ್ಲ. ಇಬ್ಬರೂ ಬೇರೆ ಬೇರೆ ಮನುಷ್ಯರನ್ನು ಎದುರಿಗಿಟ್ಟುಕೊಂಡು ಮಾತಾಡಿದರು.

ಸ್ಟಾಲ್‌ಮನ್ ನಿಲುವಂಗಿ ತೊಟ್ಟು, ತಲೆಯ ಹಿಂದೆ ಹಳೆಯ ಡಿಸ್ಕ್ ತಟ್ಟೆಯನ್ನು ಪ್ರಭಾವಳಿಯಂತೆ ಧರಿಸಿ, ಈಮ್ಯಾಕ್ಸ್ ಚರ್ಚಿನ ಸಂತನಾಗಿ ವೇದಿಕೆಯ ಮೇಲೆ ನಿಲ್ಲುತ್ತಿದ್ದರು. ಸಭೆ ನಗುತ್ತಿತ್ತು. ಆ ನಗುವಿನಲ್ಲಿ ಒಂದು ತಿಳಿವಳಿಕೆಯೂ ಇತ್ತು: ವರ್ಷಗಟ್ಟಲೆ ಬೆರಳಿಗೆ ಹತ್ತಿದ್ದನ್ನು ವಾದದಿಂದ ಬಿಡಿಸಲಾಗದು.

ಶಾಸನವಾದದ್ದು, ಆಗದೆ ಉಳಿದದ್ದು

1992ರಲ್ಲಿ ಯುನಿಕ್ಸ್ ಸಾಧನಗಳಿಗೆ ಪಾಸಿಕ್ಸ್ ಮಾನದಂಡ ಸಿದ್ಧವಾಯಿತು. ವಿಐ ಅದರಲ್ಲಿ ಸೇರಿತು, ಈಮ್ಯಾಕ್ಸ್ ಸೇರಲಿಲ್ಲ. ಬೇಡವೆಂದು ಪಟ್ಟು ಹಿಡಿದವರು ಈಮ್ಯಾಕ್ಸ್ ಅಭಿಮಾನಿಗಳೇ. ಮಾನದಂಡ ಬಂದರೆ ಕಂಪನಿಗಳು ಅದರ ಅಕ್ಷರಕ್ಕಷ್ಟೇ ಬದ್ಧವಾದ, ಬಳಸುವವರು ಬದಲಿಸಲಾಗದ ಈಮ್ಯಾಕ್ಸ್ ಮಾಡಿ ಮಾರುತ್ತವೆ ಎಂಬುದು ಅವರ ಭಯ. ಮಾನದಂಡದ ಟಿಪ್ಪಣಿಯಲ್ಲೇ ಇದು ದಾಖಲಾಗಿದೆ. ಈ ವಾದದ ಇತಿಹಾಸದಲ್ಲಿ ಇದಕ್ಕಿಂತ ಘನವಾದ ಸಂಗತಿ ನನಗೆ ಕಾಣದು. ಒಂದು ಪಾಳೆಯ ತನ್ನ ಎಡಿಟರ್ ಎಲ್ಲೆಡೆ ಒಂದೇ ರೂಪದಲ್ಲಿ ಸಿಗಲೆಂದು ಬಯಸಿತು. ಇನ್ನೊಂದು, ಬದಲಾಗುವ ಸ್ವಾತಂತ್ರ್ಯಕ್ಕಾಗಿ ರಾಜಮುದ್ರೆಯನ್ನೇ ನಿರಾಕರಿಸಿತು.

ವಿಐಗೂ ಸಂಕಟವಿತ್ತು. ಅದರ ತಾಯಿಬೇರು ಬೆಲ್ ಪ್ರಯೋಗಾಲಯದ ಒಡೆಯನಾದ ಎಟಿ ಅಂಡ್ ಟಿ ಕಂಪನಿಗೆ ಸೇರಿದ ಎಡ್‌ನಲ್ಲಿ ಇದ್ದುದರಿಂದ ಅದನ್ನು ಮುಕ್ತವಾಗಿ ಹಂಚುವಂತಿರಲಿಲ್ಲ. ಆಗ ಅದರ ಅನುಯಾಯಿಗಳು ಅದನ್ನು ಮೊದಲಿಂದ ಬರೆಯತೊಡಗಿದರು. ಟಿಮ್ ಥಾಂಪ್ಸನ್ ಅಟಾರಿ ಯಂತ್ರಕ್ಕಾಗಿ ಸ್ಟೀವಿ ಬರೆದರು, ಸ್ಟೀವ್ ಕಿರ್ಕೆಂಡಾಲ್ ಎಲ್ವಿಸ್ ಬರೆದರು, ಕೀತ್ ಬಾಸ್ಟಿಕ್ ಎನ್‌ವಿಐ ಕಟ್ಟಿದರು. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1988ರಲ್ಲಿ ತಮ್ಮ ಅಮಿಗಾ ಯಂತ್ರಕ್ಕಾಗಿ ಸ್ಟೀವಿಯ ಆಧಾರದ ಮೇಲೆ ಆರಂಭಿಸಿದ ಕೆಲಸ 1991ರಲ್ಲಿ ‘ವಿಮ್’ ಎಂಬ ಹೆಸರಿನಲ್ಲಿ ಹೊರಬಂತು. ಅವರು ದುಡ್ಡು ಕೇಳಲಿಲ್ಲ. ಬಳಸಿ ಮೆಚ್ಚಿದವರು ಉಗಾಂಡದ ಕಿಬಾಲೆ ಊರಿನ ಅನಾಥ ಮಕ್ಕಳಿಗೆ ನೆರವಾಗಲಿ ಎಂದರು. ಆ ಊರಿನಲ್ಲಿ ನೀರು-ನೈರ್ಮಲ್ಯದ ಎಂಜಿನಿಯರಾಗಿ ಅವರು ದುಡಿದಿದ್ದರು. ವಿಮ್ ತೆರೆದೊಡನೆ ಕಾಣುವ ಪುಟದಲ್ಲಿ ಆ ಮಕ್ಕಳ ಮಾತು ಈಗಲೂ ಇದೆ. ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಮೂವತ್ತು ವರ್ಷಗಳಿಗೂ ಮೀರಿ ಒಂದೇ ಉಪಕರಣವನ್ನು ಕಾಪಾಡಿಕೊಂಡು ಬಂದ ಅವರ ನಿಷ್ಠೆಯ ಮುಂದೆ ಎದುರು ಪಾಳೆಯದವರೂ ತಲೆಬಾಗಿದರು.

ಕನ್ನಡ ಬರೆಯುವವರಿಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ಜಪಾನಿನ ಎಲೆಕ್ಟ್ರೋಟೆಕ್ನಿಕಲ್ ಪ್ರಯೋಗಾಲಯದಲ್ಲಿ ಕೆನಿಚಿ ಹಾಂಡಾ ಮತ್ತು ಸಂಗಡಿಗರು ಬಹುಭಾಷೆಗಳಿಗಾಗಿ ಕಟ್ಟಿದ ಮ್ಯೂಲ್ ವ್ಯವಸ್ಥೆ 1997ರಲ್ಲಿ ಈಮ್ಯಾಕ್ಸ್‌ನ 20ನೆಯ ಆವೃತ್ತಿಯೊಡನೆ ಒಂದಾಯಿತು. ಆ ತಳಹದಿಯ ಮೇಲೆ ಮುಂದೆ ಕನ್ನಡವೂ ಬಂತು. ಲೋಕದ ಭಾಷೆಗಳಲ್ಲಿ ವಂದನೆ ಹೇಳುವ ಅದರ ‘ಹಲೋ’ ಕಡತದಲ್ಲಿ ಕನ್ನಡದ ನಮಸ್ಕಾರವಿದೆ. ಕನ್ನಡವನ್ನು ಕೀಲಿಸುವ ಪದ್ಧತಿಗಳು ಅದರೊಳಗೇ ಇವೆ. ಎಡಿಎಂ-3ಎ ಕಾಲದಿಂದ ಬಂದ ಟರ್ಮಿನಲ್ ಪರದೆಯಾದರೋ ಸಮಾನ ಅಗಲದ ಚೌಕಗಳ ಸಾಲು. ಒತ್ತಕ್ಷರವೂ ಗುಣಿತವೂ ಕೂಡಿ ಒಂದೇ ಅಕ್ಷರವಾಗುವ ನಮ್ಮ ಲಿಪಿ ಆ ಚೌಕಗಳಲ್ಲಿ ಸುಲಭಕ್ಕೆ ಕೂರದು. ಟರ್ಮಿನಲ್‌ನಲ್ಲಿ ನಡೆಯುವ ವಿಮ್‌ನಲ್ಲಿ ‘ಸ್ತ್ರೀ’ ಎಂದು ಬರೆದವರು ಈ ತೊಡಕನ್ನು ಬಲ್ಲರು. ಬರ್ಕ್ಲಿಯ ಬಡ ಪರದೆ ತನ್ನ ಮಿತಿಯನ್ನು ಅಷ್ಟು ದೂರದ ಲಿಪಿಯವರೆಗೂ ಚಾಚಿತು.

ಯುಗಾಂತ್ಯ

2015ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಷುವಲ್ ಸ್ಟುಡಿಯೋ ಕೋಡ್ ಎಂಬ ಎಡಿಟರನ್ನು ಬಿಡುಗಡೆ ಮಾಡಿತು. ಹೊಸ ಪೀಳಿಗೆಯ ಬಹುಮಂದಿ ಅದರ ಕಡೆ ಹೊರಳಿದರು. ಮರುವರ್ಷ, ಯಾವ ಪ್ರೋಗ್ರಾಮಿಂಗ್ ಭಾಷೆಯ ತಿಳಿವಳಿಕೆಯನ್ನೂ ಯಾವ ಎಡಿಟರಿಗೂ ಒದಗಿಸಬಲ್ಲ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಹೊರಬಂದಿತು. ಪೂರ್ಣ ಸಾಮರ್ಥ್ಯಕ್ಕಾಗಿ ಒಂದೇ ಎಡಿಟರಿಗೆ ಕಟ್ಟುಬೀಳುವ ಅಗತ್ಯ ಅದರಿಂದ ತಗ್ಗಿತು. ವಾದದ ಕಾವೂ ಇಳಿಯಿತು.

ಆದರೆ ಇಬ್ಬರ ಆಸ್ತಿಯೂ ಎಲ್ಲೆಡೆ ಹರಡಿಕೊಂಡಿದೆ. ಯುನಿಕ್ಸ್‌ನಲ್ಲಿ ಬಳಸುವವರ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಡೇವಿಡ್ ಕಾರ್ನ್ ಕಟ್ಟಿದ ಕಾರ್ನ್‌ಶೆಲ್ ಈಮ್ಯಾಕ್ಸ್ ಕೀಲಿಗಳನ್ನೂ ವಿಐ ಕೀಲಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡಿತು; ಇಂದಿನ ಬ್ಯಾಷ್ ಶೆಲ್ ಕೂಡ ಹಾಗೆಯೇ ಇಟ್ಟುಕೊಂಡಿದೆ. ಮ್ಯಾಕ್ ಯಂತ್ರದಲ್ಲಿ ಕಂಟ್ರೋಲ್ ಜೊತೆ ‘ಎ’ ಒತ್ತಿದರೆ ಸಾಲಿನ ಆರಂಭಕ್ಕೆ ಹೋಗುವುದು ಈಮ್ಯಾಕ್ಸ್‌ನಿಂದ ಬಂದ ನಡೆ. ವಿಷುವಲ್ ಸ್ಟುಡಿಯೋ ಕೋಡ್ ಒಳಗೇ ವಿಐ ವ್ಯಾಕರಣವನ್ನು ತಂದಿಟ್ಟುಕೊಂಡು ಬರೆಯುವವರು ಬಹಳ ಮಂದಿ.

ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಈ ಚರಿತ್ರೆ ತೀರ್ಪು ಕೊಡಲಿಲ್ಲ. ಅದಕ್ಕಿಂತ ದೊಡ್ಡದೊಂದನ್ನು ಸಾಧಿಸಿ ತೋರಿಸಿತು. ಎಂಐಟಿಯವರು ಟೀಕೋವನ್ನು ಮೀರಿದ್ದು ಅದರ ಒಳಗನ್ನು ತೆರೆದು ನೋಡುವ ಅವಕಾಶವಿದ್ದುದರಿಂದ. ಬರ್ಕ್ಲಿಯವರು ಎಡ್ ಅನ್ನು ಮೀರಿದ್ದೂ ಲಂಡನ್ನಿನವರು ತಿದ್ದಿದ ಅದರ ಮೂಲಪಾಠ ಕೈಗೆ ಸಿಕ್ಕಿದ್ದರಿಂದ. ಆ ಬಾಗಿಲು ಮುಚ್ಚಿದಾಗಲೆಲ್ಲ ಒಂದು ಪಾಳೆಯ ಪರವಾನಗಿ ಬರೆಯಿತು, ಇನ್ನೊಂದು ಪಾಳೆಯ ಮೊದಲಿಂದ ಪ್ರೋಗ್ರಾಮ್ ಬರೆಯಿತು. ತನ್ನ ಉಪಕರಣವನ್ನು ತಾನೇ ತಿದ್ದಿಕೊಳ್ಳುವ ಹಕ್ಕನ್ನು ಎರಡೂ ಬಿಟ್ಟುಕೊಡಲಿಲ್ಲ. ನಾಲ್ಕು ದಶಕಗಳ ವಾದದಲ್ಲಿ ಇಬ್ಬರೂ ಒಪ್ಪಿ ನಡೆದ ಮಾತು ಅದೊಂದೇ. ಬರೆಯುವ ಕೈಗಳಿಗೆ ಆ ಯುಗ ಬಿಟ್ಟುಹೋದ ನಿಜವಾದ ಆಸ್ತಿಯೂ ಅದೇ.